ಎಂಜಿನ್ ಬಡಿತ ಹುಡುಕುವ ಮೆಕ್ಯಾನಿಕ್ ಸ್ಟೆತೊಸ್ಕೋಪ್: ಯಾವುದನ್ನು ಕೊಳ್ಳಬೇಕು, ಎಲ್ಲಿಟ್ಟು ಕೇಳಬೇಕು

ಬಾನೆಟ್ ಎತ್ತಿ ಕಿವಿಗೊಟ್ಟರೆ ಎಂಜಿನ್ ಇಡೀ ಬಡಿಯುತ್ತಿರುವಂತೆ ಕೇಳಿಸುತ್ತದೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಶಬ್ದ ಉಕ್ಕಿನಲ್ಲಿ 5000 ಮೀಟರಿಗೂ ಹೆಚ್ಚು ಓಡುತ್ತದೆ. ಕೆಳಗೆ ಒಂದೇ ಒಂದು ಬೇರಿಂಗ್ (ತಿರುಗುವ ಭಾಗದ ಆಸರೆ) ಬಡಿದರೂ ಮೇಲಿನ ಹೆಡ್ (ವಾಲ್ವುಗಳಿರುವ ಮೇಲ್ಭಾಗ), ಮುಂದಿನ ಕವರ್, ಪಕ್ಕದ ಬ್ರ್ಯಾಕೆಟ್ ಎಲ್ಲವೂ ಅದೇ ಸದ್ದು ಹೊರಡಿಸುತ್ತವೆ. ಹೀಗಾಗಿ ಬರಿಗಿವಿಯಲ್ಲಿ ಜಾಗ ಹೇಳುವುದು ಪಳಗಿದವರಿಗೂ ಕಷ್ಟ. ಟ್ಯಾಪೆಟ್ (ವಾಲ್ವ್ ತೆರೆಸುವ ತುಂಡು) ಸದ್ದು ಇರಬೇಕು ಎಂದು ಓಡಿಸುತ್ತಲೇ ಇದ್ದು, ಪಿಸ್ಟನ್ನನ್ನು ಕ್ರ್ಯಾಂಕಿಗೆ (ಕೆಳಗೆ ತಿರುಗುವ ಮುಖ್ಯ ದಂಡ) ಸೇರಿಸುವ ಕನೆಕ್ಟಿಂಗ್ ರಾಡಿನ ಕೆಳತುದಿಯ ಬಿಗ್ ಎಂಡ್ ಬೇರಿಂಗ್ ಹೋಗಿ, ಆ ರಾಡ್ ಎಂಜಿನ್ ಬ್ಲಾಕ್ ಒಡೆದುಕೊಂಡು ಹೊರಬರುವುದುಂಟು. ಬರೀ ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರಿಕೆಗೆ ಎಂಜಿನ್ ಇಳಿಸಿ ಬಿಚ್ಚಿದ್ದೂ ಉಂಟು. ಈ ಎರಡೂ ಬಗೆಯ ನಷ್ಟ ತಪ್ಪಿಸಲು ಇರುವ ಸಾಧನಗಳಲ್ಲಿ ಎಲ್ಲಕ್ಕಿಂತ ಸರಳವಾದದ್ದು ಮೆಕ್ಯಾನಿಕ್ ಸ್ಟೆತೊಸ್ಕೋಪ್. ಸ್ವಂತ ಕಾರಿನ ಕೆಲಸ ಸ್ವಲ್ಪವಾದರೂ ಮಾಡಿಕೊಳ್ಳುವವರು ಇದನ್ನು ಕೊಳ್ಳಲೇಬೇಕು ಎನ್ನುವುದು ನಮ್ಮ ಅಭಿಪ್ರಾಯ. ಆದರೆ ಇದು ಹೇಳುವುದು ಜಾಗವನ್ನು ಮಾತ್ರ. ಕಾರಣ ಬೇಕಾದರೆ, ಕೇಳುತ್ತಿರುವಾಗಲೇ ಎಂಜಿನ್ನಿನ ಸ್ಥಿತಿಯನ್ನು ಒಂದೊಂದಾಗಿ ಬದಲಾಯಿಸಿ ನೋಡಬೇಕು. ಅದಕ್ಕೇ ಈ ವಿಮರ್ಶೆಯಲ್ಲಿ ಸಾಧನಕ್ಕಿಂತ ಅದನ್ನು ಬಳಸುವ ಕ್ರಮದ ಬಗ್ಗೆಯೇ ಹೆಚ್ಚು ಹೇಳಿದ್ದೇವೆ.

ಸಾಮಾನ್ಯ ಮಾದರಿಯಲ್ಲಿ ಇರುವುದು ಮೂರೇ ಭಾಗ: ತುದಿಯಲ್ಲಿ ಗೇಣುದ್ದಕ್ಕಿಂತ ಸ್ವಲ್ಪ ಹೆಚ್ಚಿರುವ ಲೋಹದ ಕಡ್ಡಿ, ನಡುವೆ ತೆಳು ಡಯಾಫ್ರಮ್ (ಅದುರುವ ಪೊರೆ) ಇರುವ ಡಬ್ಬಿ, ಅಲ್ಲಿಂದ ಕಿವಿಗೆ ಎರಡು ರಬ್ಬರ್ ಕೊಳವೆ. ಕಡ್ಡಿ ಮುಟ್ಟಿದ ಲೋಹದ ಅದುರುವಿಕೆ ನೇರವಾಗಿ ಡಯಾಫ್ರಮ್ಮಿಗೆ ಹೋಗುತ್ತದೆ. ಸುತ್ತಲಿನ ಗಾಳಿಯ ಗದ್ದಲ ಬಹುಪಾಲು ಹೊರಗೇ ಉಳಿಯುತ್ತದೆ. ಬ್ಯಾಟರಿ ಬೇಡ, ಸ್ವಿಚ್ ಇಲ್ಲ. ಕೆಟ್ಟರೆ ಕೆಡುವ ಜಾಗಗಳೂ ಮೂರೇ. ಕಡ್ಡಿಯ ತಿರುಪು ಸಡಿಲವಾದರೆ ಅದೇ ಟಿಕ್ ಟಿಕ್ ಎನ್ನತೊಡಗಿ, ಇಲ್ಲದ ಟ್ಯಾಪೆಟ್ ಸದ್ದನ್ನು ಹುಟ್ಟಿಸುತ್ತದೆ. ಡಯಾಫ್ರಮ್ ಸೀಳಿದರೆ ಸದ್ದು ಮಂಕಾಗುತ್ತದೆ. ಕಿವಿಯ ತುದಿಗಳು ಗಟ್ಟಿ ಪ್ಲಾಸ್ಟಿಕ್ಕಿನವಾದರೆ ಐದು ನಿಮಿಷದಲ್ಲಿ ಕಿವಿ ನೋವು ಶುರು. ಕೊಳ್ಳುವಾಗ ಕಡ್ಡಿಯನ್ನು ಗೋಡೆ ಗಡಿಯಾರದ ಹಿಂಬದಿಗೆ ತಾಗಿಸಿ ಕೇಳಿ. ಸೆಕೆಂಡ್ ಮುಳ್ಳಿನ ಪ್ರತಿ ಹೆಜ್ಜೆ ಸ್ಪಷ್ಟವಾಗಿ, ಎರಡೂ ಕಿವಿಗೆ ಸಮನಾಗಿ ಕೇಳಬೇಕು. ಕಡ್ಡಿ ಬಿಚ್ಚಿ ಬರೀ ಕೊಳವೆ ಜೋಡಿಸಲು ಬರುವ ಮಾದರಿ ಸಿಕ್ಕರೆ ಅದನ್ನೇ ಆರಿಸಿ. ಎಕ್ಸಾಸ್ಟ್ ಅಥವಾ ಇಂಟೇಕ್ ಸೋರಿಕೆಯಂತಹ ಗಾಳಿಯ ಸದ್ದಿಗೆ ಕಡ್ಡಿ ಪ್ರಯೋಜನವಿಲ್ಲ, ತೆರೆದ ಕೊಳವೆಯೇ ಬೇಕು.

ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ಬಳಿಯ ಮೂಳೆಗೆ ಒತ್ತಿ ಕೇಳುವ ಹಳೆಯ ವಿಧಾನದಲ್ಲೂ ಸದ್ದು ಚೆನ್ನಾಗಿಯೇ ಬರುತ್ತದೆ. ತೊಂದರೆ ಏನೆಂದರೆ ತಲೆಯನ್ನು ಫ್ಯಾನ್ ಮತ್ತು ಬೆಲ್ಟಿನ ಹತ್ತಿರ ತರಬೇಕು. ಆ ಒಂದೇ ಕಾರಣಕ್ಕೆ ನಾವು ಅದನ್ನು ಯಾರಿಗೂ ಹೇಳುವುದಿಲ್ಲ.

ಎಲೆಕ್ಟ್ರಾನಿಕ್ ಮಾದರಿಗಳಲ್ಲಿ ಎರಡು ಬಗೆ. ಒಂದರಲ್ಲಿ ಕಡ್ಡಿ, ಹೆಡ್‌ಫೋನ್ ಮತ್ತು ವಾಲ್ಯೂಮ್ ಗುಂಡಿ ಇರುತ್ತವೆ. ಸಣ್ಣ ಬೇರಿಂಗ್ ಗೊರಗುಟ್ಟುವುದನ್ನು ಇದು ಚೆನ್ನಾಗಿ ಹಿಡಿಯುತ್ತದೆ. ಎಂಜಿನ್ ಬಡಿತಕ್ಕೆ ಮಾತ್ರ ಇಷ್ಟು ವರ್ಧನೆ ಬೇಕಿಲ್ಲ. ವಾಲ್ಯೂಮ್ ಏರಿಸಿದಷ್ಟೂ ಎಲ್ಲ ಜಾಗವೂ ಒಂದೇ ಜೋರಿನಲ್ಲಿ ಕೇಳುತ್ತದೆ. ಜೋರು ಸದ್ದನ್ನು ತಾನೇ ತಗ್ಗಿಸುವ ಮಾದರಿಗಳಂತೂ ಈ ಕೆಲಸಕ್ಕೆ ಹಾನಿಯೇ. ಒಂದು ಜಾಗಕ್ಕಿಂತ ಇನ್ನೊಂದು ಎಷ್ಟು ಜೋರು ಎಂಬ ಹೋಲಿಕೆಯೇ ನಮಗೆ ಬೇಕಾದದ್ದು, ಅದನ್ನೇ ಅವು ಅಳಿಸಿಹಾಕುತ್ತವೆ. ಇನ್ನೊಂದು ಬಗೆಯಲ್ಲಿ ನಾಲ್ಕೋ ಆರೋ ಕ್ಲಿಪ್ ಮೈಕುಗಳನ್ನು ಬೇರೆಬೇರೆ ಕಡೆ ಕಚ್ಚಿಸಿ, ಗಾಡಿ ಓಡುತ್ತಿರುವಾಗ ಒಳಗೆ ಕೂತು ಒಂದೊಂದೇ ಚಾನೆಲ್ ಬದಲಾಯಿಸಿ ಕೇಳಬಹುದು. ಲೋಡ್ ಬಿದ್ದಾಗ ಮಾತ್ರ ಬರುವ ಬಡಿತಕ್ಕೆ, ವೀಲ್ ಬೇರಿಂಗಿಗೆ, ಸಸ್ಪೆನ್ಷನ್ ಸದ್ದಿಗೆ ಇದಕ್ಕೆ ಸಾಟಿಯಿಲ್ಲ. ಕೇಳುವವರು ಬೇರೆ, ಓಡಿಸುವವರು ಬೇರೆ ಇರಲೇಬೇಕು. ವಯರ್ ಎಕ್ಸಾಸ್ಟಿಗೆ ತಾಗಿದರೆ ಕರಗುತ್ತದೆ, ಸ್ಟೀರಿಂಗ್ ಅಥವಾ ಆಕ್ಸಲ್ ಹತ್ತಿರ ಜೋತುಬಿದ್ದರೆ ಸುತ್ತಿಕೊಳ್ಳುತ್ತದೆ. ಮನೆಯ ಬಳಕೆಗೆ ಇದು ಅಗತ್ಯವಿಲ್ಲ. ಗ್ಯಾರೇಜ್ ನಡೆಸುವವರಿಗೆ ಒಂದಿರಬೇಕು.

ಬಳಸುವ ಮೊದಲು ಎಂಜಿನ್ ಆಫ್ ಮಾಡಿ ಆಯಿಲ್ ಮಟ್ಟ ನೋಡಿ. ಡಿಪ್‌ಸ್ಟಿಕ್ಕಿನ ಕೆಳಗಿನ ಗುರುತಿಗೂ ಆಯಿಲ್ ಮುಟ್ಟದಿದ್ದರೆ ಸ್ಟಾರ್ಟ್ ಮಾಡಬೇಡಿ. ಮಟ್ಟ ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ; ಜಾಸ್ತಿಯಾದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ಎರಡರಲ್ಲೂ, ಆಯಿಲ್ ಒತ್ತಡದಿಂದ ಅಂತರ ತುಂಬಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್‌ಗಳು ಗಾಳಿ ತುಂಬಿಕೊಂಡು ಬಡಿಯುತ್ತವೆ. ಹೇಳಿದ ಗ್ರೇಡಿಗಿಂತ ತೆಳು ಆಯಿಲ್ ಹಾಕಿದ್ದರೂ ಅಷ್ಟೇ. ಆಮೇಲೆ ಎಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆಯಿರಿ. ಉದ್ದ ತೋಳು, ಸರ, ಬಿಟ್ಟ ಕೂದಲು ಎಲ್ಲವನ್ನೂ ಕಟ್ಟಿಕೊಳ್ಳಿ. ಸ್ಟೆತೊಸ್ಕೋಪಿನ ಕೊಳವೆಯೂ ಬೆಲ್ಟಿನ ಕಡೆ ಜೋಲಬಾರದು. ರೇಡಿಯೇಟರ್ ಫ್ಯಾನ್ ಎಲೆಕ್ಟ್ರಿಕ್ ಆದರೆ ಕೀ ತೆಗೆದ ಮೇಲೂ ತಿರುಗಬಹುದು. ಕಡ್ಡಿ ಲೋಹದ್ದು ಎನ್ನುವುದು ಮರೆಯಬೇಡಿ: ಆಲ್ಟರ್ನೇಟರ್ ಹಿಂದಿನ ದಪ್ಪ ವಯರಿನ ಬೋಲ್ಟಿನಲ್ಲಿ ಬ್ಯಾಟರಿಯ ಕರೆಂಟ್ ಯಾವಾಗಲೂ ಇರುತ್ತದೆ. ಕಡ್ಡಿ ಅದಕ್ಕೂ ಬಾಡಿಗೂ ಒಟ್ಟಿಗೆ ತಾಗಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಇಗ್ನಿಷನ್ ಕಾಯಿಲ್ ಮತ್ತು ಪ್ಲಗ್ ವಯರುಗಳಿಂದಲೂ ದೂರವಿರಲಿ.

ಮೊದಲು ಕಡ್ಡಿಯನ್ನು ಲೋಹಕ್ಕೆ ಇಡಿ, ಆಮೇಲೆ ಕಿವಿಗೆ ಹಾಕಿಕೊಳ್ಳಿ. ಕಿವಿಗೆ ಹಾಕಿಕೊಂಡು ಕಡ್ಡಿಯನ್ನು ಕುಕ್ಕಿದರೆ ಕಿವಿಗೆ ಏಟು. ರಬ್ಬರ್, ಪ್ಲಾಸ್ಟಿಕ್, ತಗಡಿನ ಮೇಲೆ ಇಡಬೇಡಿ; ಬೋಲ್ಟ್ ತಲೆಯೋ ಎರಕದ ಗಟ್ಟಿ ಭಾಗವೋ ಆಗಬೇಕು. ಒತ್ತುವ ಬಲ ಎಲ್ಲ ಕಡೆ ಒಂದೇ ಇರಲಿ. ಕಿವಿಗೆ ಅಭ್ಯಾಸವಾಗಲು, ಆರೋಗ್ಯವಾಗಿರುವ ಭಾಗಗಳಿಂದ ಶುರುಮಾಡಿ. ಆಲ್ಟರ್ನೇಟರ್ ಬಾಡಿ ಮೇಲೆ ನಯವಾದ ಗುಂಯ್ ಸದ್ದು, ಇಂಜೆಕ್ಟರ್ (ಇಂಧನ ಚಿಮ್ಮಿಸುವ ಭಾಗ) ಮೇಲೆ ಗಡಿಯಾರದಂತಹ ಚುರುಕಾದ ಟಿಕ್. ನೇರ ಸಿಲಿಂಡರಿನೊಳಗೇ ಪೆಟ್ರೋಲ್ ಚಿಮ್ಮುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಇಂಜೆಕ್ಟರ್ ಮತ್ತು ಹೈ ಪ್ರೆಷರ್ ಪಂಪ್ ಸಹಜವಾಗಿಯೇ ಜೋರಾಗಿ ಟಿಕಟಿಕ ಎನ್ನುತ್ತವೆ. ಇದನ್ನು ರೋಗವೆಂದುಕೊಂಡು ಬರುವವರು ಬಹಳ.

ಈಗ ಹುಡುಕಾಟ. ಕ್ಯಾಮ್ (ವಾಲ್ವ್ ಆಡಿಸುವ ದಂಡ) ಕವರಿನ ಬೋಲ್ಟುಗಳ ಮೇಲೆ ಒಂದರ ನಂತರ ಒಂದು ಕೇಳಿ. ಆಮೇಲೆ ಹೆಡ್ಡಿನ ಪಕ್ಕ, ಬ್ಲಾಕಿನ ಮೇಲ್ಭಾಗ, ಕೊನೆಗೆ ಬ್ಲಾಕಿನ ಕೆಳ ಅಂಚು. ಪ್ರತಿ ಸಿಲಿಂಡರಿಗೂ ಅದೇ ಎತ್ತರದ ಜಾಗ ಹಿಡಿದು ಹೋಲಿಸಬೇಕು. ಇಲ್ಲಿ ಹೆಚ್ಚಿನವರು ಮೋಸಹೋಗುವುದು ಆಯಿಲ್ ಸಂಪಿನಲ್ಲಿ (ತಳದ ಆಯಿಲ್ ತೊಟ್ಟಿ). ತಗಡಿನ ಸಂಪ್ ತಮಟೆಯ ಹಾಗೆ ಎಲ್ಲಿನ ಸದ್ದನ್ನಾದರೂ ದೊಡ್ಡದು ಮಾಡಿ ಕೇಳಿಸುತ್ತದೆ. ಅದರ ಮೇಲೆ ಬಡಿತ ಜೋರಾಗಿದೆ ಎಂದ ಮಾತ್ರಕ್ಕೆ ಬೇರಿಂಗ್ ಹೋಗಿದೆ ಎನ್ನಲಾಗದು. ಸಂಪ್ ಬಿಟ್ಟು, ಅದು ಕೂರುವ ಬ್ಲಾಕಿನ ಎರಕದ ಅಂಚಿನ ಮೇಲೆಯೇ ಕಡ್ಡಿ ಇಡಿ.

ಬಡಿತದ ವೇಗವೂ ಸುಳಿವು ಕೊಡುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದೇ ಸುತ್ತು. 800 ಆರ್‌ಪಿಎಂ ಐಡಲಿನಲ್ಲಿ (ಆಕ್ಸಿಲರೇಟರ್ ಒತ್ತದೆ ಓಡುವಾಗ) ಕ್ರ್ಯಾಂಕಿನ ಸುತ್ತಿಗೊಂದು ಬಡಿತ ಎಂದರೆ ಸೆಕೆಂಡಿಗೆ 13ಕ್ಕೂ ಸ್ವಲ್ಪ ಹೆಚ್ಚು; ಒಂದು ಟ್ಯಾಪೆಟ್ಟಿನದು ಆರೇಳು. ಕಿವಿ ಇದನ್ನು ಎಣಿಸಲಾರದು, ಕ್ರ್ಯಾಂಕಿನ ಎರಡು ಸುತ್ತಿಗೊಮ್ಮೆ, ಪ್ಲಗ್ಗಿನ ಕಿಡಿಯೊಂದಿಗೆ ಮಿನುಗುವ ಟೈಮಿಂಗ್ ಲೈಟ್ ಎಣಿಸುತ್ತದೆ. ಅದರ ಕ್ಲಿಪ್ಪನ್ನು ಪ್ಲಗ್ ವಯರಿಗೆ ಹಾಕಿ, ಬೆಳಕು ಮಿನುಗುವುದನ್ನು ನೋಡುತ್ತಾ ಕೇಳಿ. ಮಿನುಗಿಗೊಂದು ಬಡಿತವಾದರೆ ವಾಲ್ವ್ ಕಡೆಯದು. ಮಿನುಗಿಗೆ ಎರಡಾದರೆ ಕೆಳಗಿನದು ಎನ್ನಲು ಬಲ ಬಂತು. ಒಂದೇ ಕಾಯಿಲ್ ಎರಡು ಪ್ಲಗ್ಗಿಗೆ ಒಟ್ಟಿಗೆ ಕಿಡಿ ಕೊಡುವ ಎಂಜಿನ್ನಿನಲ್ಲಿ ಸುತ್ತಿಗೊಮ್ಮೆ ಮಿನುಗುವುದರಿಂದ ಈ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಪಿಸ್ಟನ್ ಸ್ಲ್ಯಾಪ್ (ಪಿಸ್ಟನ್ ವಾಲಿ ಸಿಲಿಂಡರ್ ಗೋಡೆಗೆ ಬಡಿಯುವುದು) ಕೂಡ ಮುಖ್ಯವಾಗಿ ಪವರ್ ಸ್ಟ್ರೋಕಿನಲ್ಲಿ ಬಡಿಯುವುದರಿಂದ ಕ್ಯಾಮ್ ವೇಗದಲ್ಲೇ ಕೇಳಬಹುದು. ಹಾಗಾಗಿ ಇದನ್ನೊಂದೇ ನೆಚ್ಚಿಕೊಳ್ಳಬೇಡಿ.

ಎಲ್ಲಕ್ಕಿಂತ ಬೆಲೆಯುಳ್ಳ ಪರೀಕ್ಷೆ ಸಿಲಿಂಡರ್ ಕಟ್ ಮಾಡುವುದು. ಸ್ಟೆತೊಸ್ಕೋಪ್ ಜಾಗದಲ್ಲಿಟ್ಟುಕೊಂಡೇ, ಒಂದೊಂದು ಸಿಲಿಂಡರಿನ ಕೆಲಸ ಕೆಲವು ಸೆಕೆಂಡ್ ನಿಲ್ಲಿಸಿ ಸದ್ದು ಏನಾಗುತ್ತದೆ ಕೇಳಬೇಕು. ದಹನದ ಒತ್ತಡ ಪಿಸ್ಟನ್ನನ್ನು ಕೆಳಗೆ ತಳ್ಳಿದಾಗ ಸವೆದ ಬಿಗ್ ಎಂಡ್ ಬೇರಿಂಗ್ ಕ್ರ್ಯಾಂಕಿನ ಜರ್ನಲ್ಲಿಗೆ (ಬೇರಿಂಗ್ ಕೂರುವ ದುಂಡು ಭಾಗ) ಜೋರಾಗಿ ಬಡಿಯುತ್ತದೆ. ಆ ಒತ್ತಡ ತೆಗೆದರೆ ಬಡಿತ ಎದ್ದು ಕಾಣುವಂತೆ ಇಳಿಯುತ್ತದೆ. ಪೆಟ್ರೋಲ್ ಇಂಟೇಕ್ ದಾರಿಯಲ್ಲಿ ಚಿಮ್ಮುವ ಸಾಮಾನ್ಯ ಪೋರ್ಟ್ ಇಂಜೆಕ್ಷನ್ ಎಂಜಿನ್ನಿನಲ್ಲಿ ಕಾಯಿಲ್ ಬಿಚ್ಚುವ ಬದಲು ಇಂಜೆಕ್ಟರ್ ಕನೆಕ್ಟರ್ ಬಿಚ್ಚಿ. ಕಿಡಿ ನಿಲ್ಲಿಸಿ ಪೆಟ್ರೋಲ್ ಬಿಟ್ಟರೆ ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದು ಕಾದು ಹಾಳಾಗುತ್ತದೆ. ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಮತ್ತು ಕಾಮನ್ ರೇಲ್ (ಎಲ್ಲ ಇಂಜೆಕ್ಟರಿಗೂ ಒಂದೇ ಅಧಿಕ ಒತ್ತಡದ ಕೊಳವೆ ಇರುವ) ಡೀಸೆಲ್ ಎಂಜಿನ್ನುಗಳಲ್ಲಿ ಓಡುತ್ತಿರುವಾಗ ಇಂಜೆಕ್ಟರ್ ಕನೆಕ್ಟರ್ ಮುಟ್ಟಬೇಡಿ. ಅವುಗಳಲ್ಲಿ ಬ್ಯಾಟರಿಗಿಂತ ಬಹಳ ಹೆಚ್ಚಿನ ವೋಲ್ಟೇಜ್ ಇರುತ್ತದೆ. ಅಲ್ಲಿ ಎಂಜಿನ್ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರಿನಿಂದಲೇ ಸಿಲಿಂಡರ್ ನಿಲ್ಲಿಸಬೇಕು. ಹಳೆಯ ಡೀಸೆಲ್ಲಿನಲ್ಲಿ ಮಾಡುತ್ತಿದ್ದಂತೆ ಕಾಮನ್ ರೇಲಿನ ಪೈಪ್ ನಟ್ ಸಡಿಲಿಸುವುದಂತೂ ಕೂಡದು. ಸಾವಿರ ಬಾರ್ (ಗಾಳಿಯ ಸಹಜ ಒತ್ತಡದ ಸುಮಾರು ಸಾವಿರ ಪಟ್ಟು) ಮೀರಬಲ್ಲ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಇಷ್ಟು ಮಾಡಿದ ಮೇಲೆ ಸದ್ದುಗಳು ಬೇರೆಬೇರೆಯಾಗಿ ನಿಲ್ಲುತ್ತವೆ. ಬಿಗ್ ಎಂಡ್ ಬಡಿತ ಗಟ್ಟಿಯಾದ ಟಕ್ ಟಕ್. ಎಂಜಿನ್ ಬಿಸಿಯಾಗಿ ಆಯಿಲ್ ತೆಳುವಾದಂತೆ ಹೆಚ್ಚುತ್ತದೆ. 2000ದಿಂದ 2500 ಆರ್‌ಪಿಎಂಗೆ ರೇಸ್ ಮಾಡಿ ಆಕ್ಸಿಲರೇಟರ್ ಬಿಟ್ಟ ಕ್ಷಣ ಕಟಕಟ ಎಂದು ಉದುರುತ್ತದೆ. ಆ ಕ್ಷಣ ರಾಡಿನ ಮೇಲಿನ ಬಲ ತಿರುವುಮುರುವಾಗುತ್ತದೆ, ಸವೆದ ಅಂತರವೆಲ್ಲ ಸದ್ದಾಗಿ ಹೊರಬರುತ್ತದೆ. ಪರೀಕ್ಷೆಗೆಂದು ಪದೇಪದೇ ರೇಸ್ ಕೊಡಬೇಡಿ, ಒಂದೆರಡು ಬಾರಿ ಸಾಕು. ಕ್ರ್ಯಾಂಕನ್ನು ಬ್ಲಾಕಿನಲ್ಲಿ ಹಿಡಿದಿಡುವ ಮೇನ್ ಬೇರಿಂಗ್ ಬಡಿತ ಇನ್ನೂ ತಗ್ಗಿನದು, ಧಡ್ ಧಡ್ ಎಂದು ನೆಲದಿಂದ ಬಂದಂತೆ. ಲೋಡಿನಲ್ಲಿ ಹೆಚ್ಚುತ್ತದೆ, ಒಂದು ಸಿಲಿಂಡರ್ ಕಟ್ ಮಾಡಿದರೆ ಅಷ್ಟಾಗಿ ಬದಲಾಗುವುದಿಲ್ಲ, ಆಯಿಲ್ ಪ್ರೆಷರ್ ಇಳಿದಿರುತ್ತದೆ. ಪಿಸ್ಟನ್ ಸ್ಲ್ಯಾಪ್ ಟೊಳ್ಳು ಸದ್ದು. ತಣ್ಣಗಿದ್ದಾಗ ಜೋರು, ಪಿಸ್ಟನ್ ಹಿಗ್ಗಿದಂತೆ ಕಡಿಮೆ. ಬಿಸಿಯಾದ ಮೇಲೆ ಪೂರ್ತಿ ನಿಲ್ಲುವುದಾದರೆ ಆತುರ ಬೇಡ, ಹಾಗೆಯೇ ಬಹಳ ದೂರ ಓಡುವ ಎಂಜಿನ್ನುಗಳಿವೆ. ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿಸ್ಟನ್ ಪಿನ್ ಸದ್ದು ಬ್ಲಾಕಿನ ಮೇಲ್ಭಾಗದಲ್ಲಿ, ಐಡಲಿನಲ್ಲಿ, ಜೋಡಿ ಏಟಿನಂತೆ ಕೇಳುತ್ತದೆ. ಸಿಲಿಂಡರ್ ಕಟ್ ಮಾಡಿದರೆ ಅಡಗುವ ಬದಲು ಅದರ ಲಯವೇ ಬದಲಾಗುತ್ತದೆ. ಟ್ಯಾಪೆಟ್ ಸದ್ದು ಹಗುರ, ಕ್ಯಾಮ್ ಕವರಿನ ಒಂದೇ ಜಾಗದಲ್ಲಿ ಚೂಪಾಗಿ ಸಿಗುತ್ತದೆ, ಸಿಲಿಂಡರ್ ಕಟ್ ಮಾಡಿದರೂ ಜಗ್ಗುವುದಿಲ್ಲ. ಸ್ಟಾರ್ಟ್ ಮಾಡಿದ ಕೂಡಲೇ ಮುಂದಿನ ಕವರಿನಲ್ಲಿ ಒಂದೆರಡು ಸೆಕೆಂಡ್ ಗರಗರ ಬಂದು ನಿಂತರೆ ಕ್ರ್ಯಾಂಕಿನಿಂದ ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಮೇಲೆ ಕಣ್ಣಿಡಿ. ಆ ಗರಗರ ದಿನದಿನಕ್ಕೆ ಹೆಚ್ಚು ಹೊತ್ತು ಬರುತ್ತಿದ್ದರೆ ಕಾಯಬೇಡಿ. ಚೈನ್ ಹಲ್ಲು ಹಾರಿದರೆ ವಾಲ್ವ್ ಪಿಸ್ಟನ್ನಿಗೆ ತಾಗುವ ಎಂಜಿನ್ನುಗಳು ಬಹಳ.

ಎಂಜಿನ್ ಒಳಗಿನದಲ್ಲದ ಸದ್ದುಗಳೇ ಹೆಚ್ಚು ದುಡ್ಡು ಕಳೆಯುವುದು, ಸ್ಟೆತೊಸ್ಕೋಪ್ ತನ್ನ ಬೆಲೆಯನ್ನು ತೀರಿಸುವುದೂ ಇಲ್ಲೇ. ಆಟೊಮ್ಯಾಟಿಕ್ ಗಾಡಿಯ ಫ್ಲೆಕ್ಸ್ ಪ್ಲೇಟ್ (ಎಂಜಿನ್ನನ್ನು ಟಾರ್ಕ್ ಕನ್ವರ್ಟರಿಗೆ ಸೇರಿಸುವ ತಟ್ಟೆ) ಬಿರುಕುಬಿಟ್ಟರೆ ಅಥವಾ ಟಾರ್ಕ್ ಕನ್ವರ್ಟರ್ ಬೋಲ್ಟ್ ಸಡಿಲವಾದರೆ ಥೇಟ್ ಬಿಗ್ ಎಂಡ್ ಬಡಿತವೇ. ಆದರೆ ಗೇರ್‌ಬಾಕ್ಸ್ ಸೇರುವ ಹಿಂಬದಿಯಲ್ಲಿ ಅತಿ ಜೋರಾಗಿರುತ್ತದೆ, ಬ್ರೇಕ್ ಒತ್ತಿಕೊಂಡು ಗೇರಿಗೆ ಹಾಕಿದರೆ ಬದಲಾಗುತ್ತದೆ. ಮ್ಯಾನ್ಯುವಲ್ ಗಾಡಿಯಲ್ಲಿ ಕ್ಲಚ್ ಒತ್ತಿದಾಗ ಸದ್ದು ನಿಂತರೆ ಅಥವಾ ಶುರುವಾದರೆ ಎಂಜಿನ್ ಬಿಟ್ಟು ಕ್ಲಚ್, ಫ್ಲೈವೀಲ್, ಗೇರ್‌ಬಾಕ್ಸ್ ಕಡೆ ನೋಡಬೇಕು. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರಿದರೆ ತಣ್ಣಗಿರುವಾಗ ಟ್ಯಾಪೆಟ್‌ನಂತೆ ಟಿಕ್ ಟಿಕ್ ಎಂದು, ಲೋಹ ಹಿಗ್ಗಿದ ಮೇಲೆ ಸುಮ್ಮನಾಗುತ್ತದೆ. ಕಡ್ಡಿ ತೆಗೆದು ಬರೀ ಕೊಳವೆಯನ್ನು ಫ್ಲ್ಯಾಂಜಿನ ಸುತ್ತ ಸುಮಾರು ಒಂದಂಗುಲ ದೂರದಲ್ಲಿ ಆಡಿಸಿ. ಸೋರುವ ಜಾಗದಲ್ಲಿ ಚಟ್ ಚಟ್ ಎಂದು ಕಿವಿಗೆ ಬಡಿಯುತ್ತದೆ, ಕಪ್ಪು ಮಸಿಯ ಗೆರೆಯೂ ಸಿಗುತ್ತದೆ. ಬೆಲ್ಟಿನ ಕಡೆಯ ಪುಲ್ಲಿ, ವಾಟರ್ ಪಂಪ್, ಎಸಿ ಕಂಪ್ರೆಸರ್ ಮೇಲೆ ಅನುಮಾನವಿದ್ದರೆ ಎಂಜಿನ್ ಆರಿಸಿ, ಬೆಲ್ಟ್ ಸಾಗುವ ದಾರಿಯ ಫೋಟೊ ತೆಗೆದುಕೊಂಡು, ಹೊರಗಿನ ಆ ಬೆಲ್ಟ್ ಕಳಚಿ, ತಣ್ಣಗಿನ ಎಂಜಿನ್ನನ್ನು ಅರ್ಧ ನಿಮಿಷ ಓಡಿಸಿ. ವಾಟರ್ ಪಂಪ್ ನಿಂತಿರುತ್ತದೆ, ಅದಕ್ಕಿಂತ ಹೆಚ್ಚು ಬೇಡ. ಬೆಲ್ಟ್ ಇಲ್ಲದೆಯೂ ಬಡಿತ ಉಳಿದರೆ ಅವಷ್ಟೂ ಬಿಡುಗಡೆ.

ಈ ಸಾಧನ ಸೋಲುವ ಜಾಗವನ್ನೂ ಹೇಳಬೇಕು. ಏರು ಹತ್ತುವಾಗ, ಹೈ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬರುವ ಕಿಣಿಕಿಣಿ ಸದ್ದು ಲೋಹ ಲೋಹಕ್ಕೆ ಬಡಿದದ್ದಲ್ಲ. ಸಿಲಿಂಡರಿನಲ್ಲಿ ಕೊನೆಗೆ ಉರಿಯಬೇಕಾದ ಪೆಟ್ರೋಲ್-ಗಾಳಿ ಮಿಶ್ರಣ ಜ್ವಾಲೆ ತಲುಪುವ ಮೊದಲೇ ತಾನಾಗಿ ಸಿಡಿದು ಎಬ್ಬಿಸಿದ ಒತ್ತಡದ ಅಲೆ, ಅಂದರೆ ನಾಕ್. ಅದರ ಮೂಲ ಆವರ್ತನ ಸಿಲಿಂಡರಿನ ಒಳ ಅಗಲವನ್ನು (ಬೋರ್) ಅವಲಂಬಿಸುತ್ತದೆ: 900 ಅನ್ನು ಪೈ ಮತ್ತು ಮಿಲಿಮೀಟರಿನಲ್ಲಿ ಬೋರಿನ ತ್ರಿಜ್ಯದ ಗುಣಲಬ್ಧದಿಂದ ಭಾಗಿಸಿದರೆ ಸರಿಸುಮಾರು ಕಿಲೊಹರ್ಟ್ಸ್ ಸಿಗುತ್ತದೆ. 86 ಮಿಮೀ ಬೋರಿಗೆ ಅದು 6.7ರ ಆಸುಪಾಸು. ಬ್ಲಾಕಿಗೆ ಬಿಗಿದ ನಾಕ್ ಸೆನ್ಸರ್ ಈ ಅಲೆಯನ್ನು ಹಿಡಿದು ಕಂಪ್ಯೂಟರಿಗೆ ತಿಳಿಸುತ್ತದೆ, ಕಂಪ್ಯೂಟರ್ ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ತಳ್ಳುತ್ತದೆ. ನಿಂತ ಗಾಡಿಯ ಐಡಲಿನಲ್ಲಿ ಈ ಸದ್ದು ಬರುವುದೇ ಇಲ್ಲ. ಇಲ್ಲಿ ಬೇಕಾದದ್ದು ಒಬಿಡಿ (ಗಾಡಿಯ ದೋಷ ತಿಳಿಸುವ ವ್ಯವಸ್ಥೆ) ಸ್ಕ್ಯಾನರ್: ಲೋಡಿನಲ್ಲಿ ಓಡಿಸುತ್ತಾ ಟೈಮಿಂಗ್ ಅಡ್ವಾನ್ಸ್ (ಕಿಡಿ ಎಷ್ಟು ಮುಂಚೆ ಹಾರುತ್ತದೆ ಎಂಬುದು) ಎಷ್ಟು ಡಿಗ್ರಿ ಇಳಿಯುತ್ತದೆ, ಕೂಲಂಟ್ ಎಷ್ಟು ಬಿಸಿ, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿದೆಯೇ ನೋಡಬೇಕು. ಕಾರಣಗಳು ಕಡಿಮೆ ಆಕ್ಟೇನ್ ಪೆಟ್ರೋಲ್, ಪಿಸ್ಟನ್ ಮೇಲಿನ ಕಾರ್ಬನ್, ತಪ್ಪು ಹೀಟ್ ರೇಂಜಿನ ಪ್ಲಗ್, ಕೆಲಸ ಮಾಡದ ಇಜಿಆರ್ (ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್ನಿಗೆ ಬಿಡುವ ವ್ಯವಸ್ಥೆ), ಇಲ್ಲವೇ ಸೆನ್ಸರನ್ನು ತಪ್ಪು ಟಾರ್ಕಿಗೆ ಬಿಗಿದಿರುವುದು. ನಡುವೆ ಬೋಲ್ಟ್ ಹಾಕುವ ನಾಕ್ ಸೆನ್ಸರಿಗೆ ಸಾಮಾನ್ಯವಾಗಿ 20 ನ್ಯೂಟನ್ ಮೀಟರ್ ಆಸುಪಾಸು. ಕೆಳಗೆ ವಾಷರ್ ಹಾಕಿದರೂ ತುಕ್ಕು ಉಳಿಸಿದರೂ ಅದಕ್ಕೆ ಸರಿಯಾಗಿ ಕೇಳಿಸುವುದಿಲ್ಲ.

ಸ್ಟೆತೊಸ್ಕೋಪ್ ಬೇರಿಂಗ್ ಎಂದು ತೋರಿಸಿದರೆ ಅಷ್ಟಕ್ಕೇ ಎಂಜಿನ್ ಬಿಚ್ಚಬೇಡಿ. ಆಯಿಲ್ ಪ್ರೆಷರ್ ಸ್ವಿಚ್ ತೆಗೆದು ಅಲ್ಲಿ ಮೆಕ್ಯಾನಿಕಲ್ ಗೇಜ್ ಹಾಕಿ, ಬಿಸಿ ಎಂಜಿನ್ನಿನಲ್ಲಿ ಒತ್ತಡ ನೋಡಿ. ಮ್ಯಾನ್ಯುವಲ್ ಸಿಗದಿದ್ದರೆ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಎಂಬ ಹಳೆಯ ಲೆಕ್ಕ ಅಂದಾಜಿಗೆ ಸಾಕು. ಆಯಿಲ್ ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಬಿಡಿಸಿ ನೋಡಿ. ಆಯಸ್ಕಾಂತಕ್ಕೆ ಅಂಟದ ಬೆಳ್ಳಿ ಬಣ್ಣದ ಮಿನುಗಿದ್ದರೆ ಬೇರಿಂಗ್ ಅಥವಾ ಪಿಸ್ಟನ್ನಿನ ಲೋಹ, ತಾಮ್ರದ ಬಣ್ಣ ಕಂಡರೆ ಬೇರಿಂಗಿನ ಮೇಲ್ಪದರ ಆಗಲೇ ಸವೆದಿರಬಹುದು. ಆಗ ಸಂಪ್ ಇಳಿಸಿ, ಸಿಲಿಂಡರ್ ಕಟ್ ಪರೀಕ್ಷೆ ತೋರಿಸಿದ ರಾಡಿನ ಕ್ಯಾಪ್ ಮೊದಲು ತೆಗೆದು ಪ್ಲಾಸ್ಟಿಗೇಜ್ (ಒತ್ತಿ ಚಪ್ಪಟೆಯಾದ ಅಗಲದಿಂದ ಅಂತರ ತೋರಿಸುವ ಮೆತ್ತನೆಯ ಎಳೆ) ಇಟ್ಟು ಅಳೆಯಿರಿ. ಕಾರುಗಳಲ್ಲಿ ಹೊಸ ಬೇರಿಂಗಿನ ಅಂತರ ಸಾಮಾನ್ಯವಾಗಿ 0.025ರಿಂದ 0.05 ಮಿಮೀ. ಕ್ಯಾಪ್ ಬೋಲ್ಟುಗಳು ಒಮ್ಮೆ ಮಾತ್ರ ಬಳಸುವಂತಹವಾದರೆ ಅಳತೆಗೆ ಹಳೆಯವು, ಜೋಡಣೆಗೆ ಹೊಸವು. ಜರ್ನಲ್ ಮೇಲೆ ಉಗುರಿಗೆ ಸಿಗುವಂತಹ ಗೀರಿದ್ದರೆ ಬರೀ ಶೆಲ್ (ಬೇರಿಂಗಿನ ಅರ್ಧವೃತ್ತದ ಪಟ್ಟಿ) ಬದಲಾಯಿಸಿ ಪ್ರಯೋಜನವಿಲ್ಲ, ಕ್ರ್ಯಾಂಕ್ ಗ್ರೈಂಡಿಂಗಿಗೆ ಹೋಗಬೇಕು. ಬಿಗ್ ಎಂಡ್ ಬಡಿತ ಖಚಿತವಾದ ಗಾಡಿಯನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗದೆ ಎಳೆದುಕೊಂಡು ಹೋಗಿ. ಆ ಕೊನೆಯ ಓಟದಲ್ಲೇ ಶೆಲ್ ತಿರುಗಿ ರಾಡ್, ಕ್ರ್ಯಾಂಕ್ ಎರಡೂ ಹಾಳಾಗುವುದು.

ಕೊಳ್ಳುವ ಮಾತಿಗೆ ಬಂದರೆ, ಮೊದಲಿಗೆ ಕಡ್ಡಿಯೂ ಕೊಳವೆಯೂ ಎರಡೂ ಇರುವ ಸಾದಾ ಮಾದರಿ. ಮೆತ್ತನೆಯ ಕಿವಿ ತುದಿ ಮತ್ತು ಬದಲಿ ಡಯಾಫ್ರಮ್ ಬಿಡಿಯಾಗಿ ಸಿಗುತ್ತದೆಯೇ ಕೇಳಿಕೊಳ್ಳಿ. ಉಳಿದ ಹಣ ಎಲೆಕ್ಟ್ರಾನಿಕ್ ಸ್ಟೆತೊಸ್ಕೋಪಿಗಿಂತ ಆಯಿಲ್ ಪ್ರೆಷರ್ ಗೇಜಿಗೆ ಹೋಗಲಿ, ಆಮೇಲೆ ಲೈವ್ ಡೇಟಾ ತೋರಿಸುವ ಸ್ಕ್ಯಾನರಿಗೆ. ಕೆಲಸ ಮುಗಿದ ಮೇಲೆ ಕಡ್ಡಿ ಬಿಚ್ಚಿ ಬೇರೆ ಇಡಿ, ಕೊಳವೆಗೆ ಹತ್ತಿದ ಆಯಿಲ್ ಒರೆಸಿ. ಪೆಟ್ರೋಲೋ ಆಯಿಲೋ ಕುಡಿದ ರಬ್ಬರ್ ಬೇಗ ಊದಿಕೊಂಡು ಸೀಳುತ್ತದೆ.